ವೇವ್ ಲೈಬ್ರರಿ ಈಗ ವಿಂಡೋಸ್‌ನಲ್ಲೂ ಡಿಎಲ್ಎಲ್ ಆಗುತ್ತಿದೆ

ವೇವ್ ಆಡಿಯೊ ಫೈಲ್ ಓದುವ ನನ್ನ ಪುಟ್ಟ ಸಿ ಲೈಬ್ರರಿ ಲಿನಕ್ಸ್‌ನಲ್ಲಿ ಯಾವ ತಕರಾರೂ ಮಾಡುತ್ತಿರಲಿಲ್ಲ. ಬಿಲ್ಡ್ ನಡೆಸುವ ಟೂಲ್ ಸಿಮೇಕ್‌ನ ಫೈಲ್‌ನಲ್ಲಿ ಶೇರ್ಡ್ ಅಂತ ಬರೆದರೆ ಸಾಕು, ಪ್ರೋಗ್ರಾಂ ಓಡುವಾಗ ಲೋಡ್ ಆಗುವ ಲೈಬ್ರರಿ, ಅಂದರೆ ಡಾಟ್ ಎಸ್‌ಒ ಸಿದ್ಧ. ಅದೇ ಸಿಮೇಕ್ ಫೈಲ್ ವಿಂಡೋಸ್‌ನಲ್ಲಿ ಅದಕ್ಕೆ ಸಮನಾದ ಡಿಎಲ್ಎಲ್ ಕೊಡಬೇಕು, ವಿಷುವಲ್ ಸಿ ಕಂಪೈಲರ್‌ನಲ್ಲೂ ವಿಂಡೋಸ್‌ನ ಇನ್ನೊಂದು ಕಂಪೈಲರ್ ಮಿನ್‌ಜಿಡಬ್ಲ್ಯೂನಲ್ಲೂ ನಡೆಯಬೇಕು. ಈ ಸುತ್ತಿನ ಕೆಲಸ ಇಷ್ಟೇ. ಬಹುಪಾಲು ಮುಗಿದಿದೆ.

ಮಿನ್‌ಜಿಡಬ್ಲ್ಯೂನಲ್ಲಿ ಸುಮ್ನೆ ಬಿಲ್ಡ್ ಆಯಿತು. ವಿಷುವಲ್ ಸಿ ಮಾತ್ರ ಎಲ್ಎನ್‌ಕೆ 1104 ಅನ್ನುವ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಟೂಲ್) ಎರರ್ ಕೊಟ್ಟು ನಿಂತಿತು: ಡಾಟ್ ಲಿಬ್ ಫೈಲ್ ತೆರೆಯಲು ಆಗುತ್ತಿಲ್ಲವಂತೆ. ಡಿಎಲ್ಎಲ್ ಏನೋ ಫೋಲ್ಡರ್‌ನಲ್ಲಿ ಕಣ್ಣೆದುರೇ ಇತ್ತು. ಅದರ ಜೊತೆ ಹುಟ್ಟಬೇಕಿದ್ದ ಇಂಪೋರ್ಟ್ ಲೈಬ್ರರಿ, ಅಂದರೆ ಡಿಎಲ್ಎಲ್‌ನಲ್ಲಿ ಏನೇನಿದೆ ಅಂತ ಲಿಂಕರ್‌ಗೆ ತಿಳಿಸುವ ಆ ಡಾಟ್ ಲಿಬ್, ಇರಲಿಲ್ಲ. ಡಿಎಲ್ಎಲ್ ಒಳಗನ್ನು ತೋರಿಸುವ ಡಂಪ್‌ಬಿನ್‌ನಲ್ಲಿ ಎಕ್ಸ್‌ಪೋರ್ಟ್ ಪಟ್ಟಿ (ಹೊರಗೆ ಕೊಡುವ ಹೆಸರುಗಳು) ತೆಗೆದು ನೋಡಿದೆ, ಒಂದು ಹೆಸರೂ ಇಲ್ಲ. ಹೊರಗೆ ಕೊಡಲು ಏನೂ ಇಲ್ಲದಿದ್ದರೆ ಲಿಂಕರ್ ಆ ಡಾಟ್ ಲಿಬ್ ಫೈಲನ್ನೇ ಮಾಡುವುದಿಲ್ಲ.

ಲಿನಕ್ಸ್‌ನಲ್ಲಿ ಸ್ಟ್ಯಾಟಿಕ್ (ಆ ಒಂದು ಫೈಲ್‌ಗಷ್ಟೇ ಸೀಮಿತ) ಅಂತ ಗುರುತು ಹಾಕದ ಫಂಕ್ಷನ್ ಎಲ್ಲವೂ ಹೊರಗೆ ಕಾಣುತ್ತವೆ. ವಿಷುವಲ್ ಸಿಯದ್ದು ತದ್ವಿರುದ್ಧ, ನಾವು ಹೇಳುವ ತನಕ ಯಾವುದನ್ನೂ ಬಿಡುವುದಿಲ್ಲ. ಮಿನ್‌ಜಿಡಬ್ಲ್ಯೂ ನಡುವೆ ನಿಲ್ಲುತ್ತದೆ: ಯಾವುದಕ್ಕೂ ಗುರುತು ಇಲ್ಲದಿದ್ದರೆ ಎಲ್ಲವನ್ನೂ ಕೊಡುತ್ತದೆ, ಒಂದಕ್ಕೆ ಗುರುತು ಹಾಕಿದರೂ ಸಾಕು, ಆಮೇಲೆ ಗುರುತಿರುವುದನ್ನು ಮಾತ್ರ.

ಸುಲಭದ ದಾರಿ ಒಂದಿದೆ. ಸಿಮೇಕ್ 3.4ರಿಂದ ‘ವಿಂಡೋಸ್ ಎಕ್ಸ್‌ಪೋರ್ಟ್ ಆಲ್ ಸಿಂಬಲ್ಸ್’ ಅನ್ನುವ ಸೆಟ್ಟಿಂಗ್ ಸಿಗುತ್ತದೆ. ಆಬ್ಜೆಕ್ಟ್ ಫೈಲ್‌ಗಳನ್ನು (ಕಂಪೈಲ್ ಆದ ತುಂಡುಗಳನ್ನು) ಜಾಲಾಡಿ, ಹೊರಗೆ ಕೊಡಬೇಕಾದ ಹೆಸರುಗಳ ಪಟ್ಟಿಯಾದ ಡೆಫ್ ಫೈಲನ್ನು ತಾನೇ ಬರೆಯುತ್ತದೆ. ಆನ್ ಮಾಡಿದೆ. ಫಂಕ್ಷನ್‌ಗಳೆಲ್ಲ ಲಿಂಕ್ ಆದವು. ಸ್ಯಾಂಪಲ್ ರೇಟ್‌ಗಳ ಗ್ಲೋಬಲ್ ಟೇಬಲ್ ಮಾತ್ರ ಸಿಗುತ್ತಿಲ್ಲ ಅಂತ ಲಿಂಕರ್ ಹಟ ಹಿಡಿಯಿತು. ಫಂಕ್ಷನ್ ಆದರೆ ಇಂಪೋರ್ಟ್ ಲೈಬ್ರರಿಯಲ್ಲಿರುವ ಪುಟ್ಟ ಜಂಪ್ ಕೋಡ್ ಹಿಡಿದು ಡಿಎಲ್ಎಲ್‌ಗೆ ಹೋಗಬಹುದು. ಡೇಟಾಗೆ ಆ ಅನುಕೂಲ ಇಲ್ಲ. ಅದರ ವಿಳಾಸವನ್ನು ಇಂಪೋರ್ಟ್ ಟೇಬಲ್‌ನಿಂದ ತರಬೇಕು ಅನ್ನೋದು ಕಂಪೈಲ್ ಆಗುವಾಗಲೇ ಗೊತ್ತಿರಬೇಕು. ಅಂದರೆ ಹೆಡರ್‌ನಲ್ಲಿ (ಲೈಬ್ರರಿ ಬಳಸುವವರು ಸೇರಿಸಿಕೊಳ್ಳುವ ಫೈಲ್‌ನಲ್ಲಿ) ಡಿಎಲ್ಎಲ್‌ಇಂಪೋರ್ಟ್ ಅನ್ನುವ ಗುರುತು ಬರೆಯಲೇಬೇಕು.

ಹೇಗೂ ಹೆಡರ್‌ಗೆ ಕೈ ಹಾಕಬೇಕಲ್ವಾ, ಹಾಗಾದರೆ ಆ ಸೆಟ್ಟಿಂಗ್ ಯಾಕೆ? ತೆಗೆದುಹಾಕಿದೆ. ಸಿಮೇಕ್‌ನದೇ ‘ಜನರೇಟ್ ಎಕ್ಸ್‌ಪೋರ್ಟ್ ಹೆಡರ್’ ಮಾಡ್ಯೂಲ್ ಬಳಸಿದೆ. ಅದು ಒಂದು ಮ್ಯಾಕ್ರೊ ಕೊಡುತ್ತದೆ: ಲೈಬ್ರರಿ ಕಟ್ಟುವಾಗ ಎಕ್ಸ್‌ಪೋರ್ಟ್, ಬೇರೆಯವರು ಬಳಸುವಾಗ ಇಂಪೋರ್ಟ್. ಜೊತೆಗೆ ಲಿನಕ್ಸ್‌ನಲ್ಲೂ ಸಿಂಬಲ್‌ಗಳನ್ನು (ಫಂಕ್ಷನ್, ಡೇಟಾಗಳ ಹೆಸರುಗಳನ್ನು) ಮ್ಯಾಕ್ರೊ ಇಲ್ಲದಿದ್ದರೆ ಹೊರಗೆ ಕಾಣದಂತೆ ಹಿಡನ್ ಮಾಡಿಟ್ಟೆ. ಇದು ನನಗೆ ತುಂಬ ಹಿಡಿಸಿತು. ಹೊಸ ಫಂಕ್ಷನ್‌ಗೆ ಮ್ಯಾಕ್ರೊ ಇಲ್ಲದಿದ್ದರೆ ಈಗ ಲಿನಕ್ಸ್‌ನಲ್ಲೇ ಲಿಂಕ್ ಒಡೆಯುತ್ತದೆ, ವಿಂಡೋಸ್ ಮಷೀನ್ ಆನ್ ಮಾಡುವ ತನಕ ಕಾಯಬೇಕಿಲ್ಲ.

ಲಿಂಕ್ ಆದ ಮೇಲೆ ಟೆಸ್ಟ್‌ಗಳು ಓಡಲಿಲ್ಲ. ಎಕ್ಸಿಟ್ ಕೋಡ್ ಸಿ0000135, ಅಂದರೆ ಡಿಎಲ್ಎಲ್ ಸಿಕ್ಕಿಲ್ಲ. ಲೈಬ್ರರಿ ಎಲ್ಲಿದೆ ಅಂತ ಪ್ರೋಗ್ರಾಂ ಒಳಗೇ ಬರೆದಿಡುವ ಆರ್‌ಪಾತ್ ಅನ್ನುವಂಥದ್ದು ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ವಿಂಡೋಸ್ ಮೊದಲು ಎಕ್ಸ್‌ಇ ಇರುವ ಫೋಲ್ಡರ್ ನೋಡುತ್ತದೆ, ಪಾತ್ ಅನ್ನುವ ಫೋಲ್ಡರ್ ಪಟ್ಟಿಯ ಸರದಿ ಕೊನೆಗೆ. ಹಾಗಾಗಿ ಎಕ್ಸ್‌ಇ, ಡಿಎಲ್ಎಲ್ ಎರಡೂ ಒಟ್ಟಿಗೆ ಬೀಳುವಂತೆ ಸಿಮೇಕ್‌ನ ರನ್‌ಟೈಮ್ ಔಟ್‌ಪುಟ್ ಡೈರೆಕ್ಟರಿಯನ್ನು ಒಂದೇ ಕಡೆಗೆ ತಿರುಗಿಸಿದೆ. ಗಮನಿಸಿ, ಸಿಮೇಕ್ ಲೆಕ್ಕದಲ್ಲಿ ಡಿಎಲ್ಎಲ್ ರನ್‌ಟೈಮ್ ಗುಂಪಿಗೆ ಸೇರುತ್ತದೆ, ಇಂಪೋರ್ಟ್ ಲೈಬ್ರರಿ ಆರ್ಕೈವ್ ಗುಂಪಿಗೆ. ಲೈಬ್ರರಿ ಗುಂಪಿನ ಫೋಲ್ಡರ್ ಬದಲಿಸಿದರೆ ವಿಂಡೋಸ್‌ನಲ್ಲಿ ಡಿಎಲ್ಎಲ್ ಅಲ್ಲಾಡುವುದೂ ಇಲ್ಲ.

ಮಿನ್‌ಜಿಡಬ್ಲ್ಯೂ ಕಡೆ ಇನ್ನೊಂದು ಕಿರಿಕಿರಿ. ಟೆಸ್ಟ್‌ಗಳು ಸಿ ಪ್ಲಸ್ ಪ್ಲಸ್‌ನಲ್ಲಿವೆ. ಮಿನ್‌ಜಿಡಬ್ಲ್ಯೂ ಜೊತೆ ಬಳಸುವ ಎಂಸಿಸ್2 ಶೆಲ್‌ನಿಂದ ಓಡಿಸಿದರೆ ಸರಿ, ಹೊರಗಿನಿಂದ ಡಬಲ್ ಕ್ಲಿಕ್ ಮಾಡಿದರೆ ಸ್ಟ್ಯಾಂಡರ್ಡ್ ಲೈಬ್ರರಿಯ ಡಿಎಲ್ಎಲ್ ಎಲ್ಲಿ ಅಂತ ಕೇಳುತ್ತದೆ. ಸದ್ಯಕ್ಕೆ ಟೆಸ್ಟ್‌ಗಳನ್ನು ಸ್ಟ್ಯಾಟಿಕ್ ಆಗಿ, ಅಂದರೆ ಆ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಎಕ್ಸ್‌ಇ ಒಳಗೇ ಸೇರಿಸಿ, ಲಿಂಕ್ ಮಾಡಿ ಬಿಟ್ಟಿದ್ದೇನೆ.

ನನ್ನ ವೇವ್ ಲೈಬ್ರರಿಯ ಸ್ಟ್ಯಾಟಿಕ್ ರೂಪವನ್ನೂ ಡಿಎಲ್ಎಲ್ ಜೊತೆಗೇ ಕೊಡುವ ಆಸೆ ಇದೆ. ವಿಷುವಲ್ ಸಿಯಲ್ಲಿ ಅದೂ ಡಾಟ್ ಲಿಬ್, ಇಂಪೋರ್ಟ್ ಲೈಬ್ರರಿಯೂ ಡಾಟ್ ಲಿಬ್. ಒಂದೇ ಹೆಸರಿಟ್ಟರೆ ಒಂದರ ಮೇಲೆ ಇನ್ನೊಂದು ಬಂದು ಕೂರುತ್ತದೆ. ಸ್ಟ್ಯಾಟಿಕ್ ಹೆಸರಿಗೆ ಬಾಲ ಸೇರಿಸಿದೆ. ಡಿಎಲ್ಎಲ್ ಒಳಗೆ ಪಡೆದ ಮೆಮೊರಿಯನ್ನು ಹೊರಗಿನವರು ಫ್ರೀ ಮಾಡುವಂತಿಲ್ಲ, ಎರಡರ ಸಿ ರನ್‌ಟೈಮ್ (ಮೆಮೊರಿ ನೋಡಿಕೊಳ್ಳುವ ಸಿ ಲೈಬ್ರರಿ) ಬೇರೆ ಬೇರೆ ಇರಬಹುದು. ಅದಕ್ಕೆಂದೇ ಒಂದು ಫ್ರೀ ಫಂಕ್ಷನ್ ಬರೆದಾಯಿತು. ಇನ್‌ಸ್ಟಾಲ್ ಭಾಗ ಬಾಕಿ ಇದೆ. ಬೇರೆಯವರು ತಮ್ಮ ಸಿಮೇಕ್ ಫೈಲ್‌ನಲ್ಲಿ ‘ಫೈಂಡ್ ಪ್ಯಾಕೇಜ್’ ಅಂದ ಕೂಡಲೇ ಲೈಬ್ರರಿ ಸಿಗುವ ಹಾಗೆ ಕಾನ್ಫಿಗ್ ಫೈಲ್ ಬರೆಯುವುದು ಮುಂದಿನ ಕೆಲಸ.