ಸಿಯೆರಾ ಇವಿ ಹೇಗಿರಬಹುದು?

ಟಾಟಾ ಸಿಯೆರಾ ಕಾರಿನ ಎಲೆಕ್ಟ್ರಿಕ್ ಮಾದರಿ (ಇವಿ) ಬರಲಿದೆ ಎಂದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. 1991ರ ಹಳೆಯ ಸಿಯೆರಾಗೆ ಮೂರೇ ಬಾಗಿಲು. ಆದರೆ ಹಿಂದಿನ ಪಕ್ಕದ ಗಾಜು ಬಾಗಿ ಛಾವಣಿವರೆಗೂ ಹೋಗುತ್ತಿತ್ತು. ಆ ಗಾಜಿಗಾಗಿಯೇ ಎಷ್ಟೋ ಜನ ಅದನ್ನು ಇನ್ನೂ ನೆನೆಯುತ್ತಾರೆ. 2025ರ ಪೆಟ್ರೋಲ್, ಡೀಸೆಲ್ ಸಿಯೆರಾಗೆ ಐದು ಬಾಗಿಲು ಬಂತು, ಬಾಗಿದ ಗಾಜು ಹೋಯಿತು. ಕಪ್ಪು ಬಣ್ಣದಲ್ಲಿ ಅದರ ನೆರಳಷ್ಟೇ ಉಳಿಯಿತು. ಇವಿಯಲ್ಲೂ ಅದು ವಾಪಸ್ ಬರುತ್ತದೆ ಅಂತ ನನಗನಿಸುವುದಿಲ್ಲ. ನಮ್ಮ ಬಿಸಿಲಿಗೆ ಅಷ್ಟು ಗಾಜು ಇಟ್ಟರೆ ಎಸಿಯೇ ಬ್ಯಾಟರಿ ಕುಡಿದುಬಿಡುತ್ತದೆ.

ಮುಂದಿನ ಗ್ರಿಲ್ ಮುಚ್ಚಿರುತ್ತದೆ ಅಂತ ನನ್ನ ಲೆಕ್ಕ. ಎಂಜಿನ್ನೇ ಇಲ್ಲದ ಮೇಲೆ ಅಷ್ಟು ಗಾಳಿ ಯಾಕೆ? ಓಡುವಾಗ ಗಾಳಿಯ ತಡೆ ಕಡಿಮೆಯಾಗಲಿ ಅಂತ ಚಕ್ರಕ್ಕೂ ಚಪ್ಪಟೆ ಮುಚ್ಚಳ ಹಾಕಬಹುದು. ಊಟದ ತಟ್ಟೆ ಥರ ಕಾಣದಿದ್ದರೆ ಸಾಕು!

ನನ್ನ ಚಿಂತೆ ಬೇರೆ. ಬ್ಯಾಟರಿ ನೆಲದಡಿ ಕೂರುತ್ತದೆ, ನೆಲ ಮೇಲೇಳುತ್ತದೆ, ಹಿಂದೆ ಕೂತವರ ಮಂಡಿಯೂ ಮೇಲೇಳುತ್ತದೆ. ಉದ್ದ ಕಾಲಿನವರಿಗೆ ದೂರದ ಪ್ರಯಾಣ ಶಿಕ್ಷೆ. ಸೀಟನ್ನೂ ಎತ್ತರಿಸಿದರೆ ತಲೆ ಛಾವಣಿಗೆ ತಾಗುತ್ತದೆ, ಅಲ್ವಾ? ಪೆಟ್ಟಿಗೆ ಆಕಾರದ ಗಾಡಿಯಾದ್ದರಿಂದ ಸ್ವಲ್ಪ ಧೈರ್ಯ.

ಎಸಿಗೆ ಮಾತ್ರ ದಯವಿಟ್ಟು ಬಟನ್ ಇಡಿ ಮಾರಾಯ್ರೆ. ಸ್ಕ್ರೀನ್ ತಡಕಾಡುತ್ತಾ ಶಿರಾಡಿ ಘಾಟಿ ಇಳಿಯೋಕಾಗಲ್ಲ.