ಮೆಂಬ್ರೇನ್ ಸೋರಿದರೆ ಮೊದಲು ಬೀಜದ ಪದರ ನೋಡಿ

ಜಿಯೋಲೈಟ್ ಎ (ಸೋಡಿಯಂ, ಅಲ್ಯುಮಿನಿಯಂ, ಸಿಲಿಕಾನ್ ಇರುವ ಸೂಕ್ಷ್ಮರಂಧ್ರದ ಸ್ಫಟಿಕ) ಮೆಂಬ್ರೇನ್, ಅಂದರೆ ಕೊಳವೆಯ ಮೇಲೆ ಬೆಳೆಸಿದ ತೆಳು ಪೊರೆ, ಸೋರಿದಾಗ ಹೊಸಬರು ಮೊದಲು ಬದಲಿಸುವುದು ಸ್ಫಟಿಕ ಬೆಳೆಸುವ ಜೆಲ್‌ನ ಅಳತೆಯನ್ನು, ಇಲ್ಲವೇ ಓವನ್ನಿನ ಶಾಖವನ್ನು. ತಪ್ಪು ಬಹುಪಾಲು ಅದಕ್ಕೂ ಮುಂಚೆ, ಕೊಳವೆಗೆ ಬೀಜಸ್ಫಟಿಕ (ಪೊರೆ ಬೆಳೆಯಲು ಆರಂಭ ಕೊಡುವ, ಅದೇ ಜಿಯೋಲೈಟ್‌ನ ಪುಡಿ) ಹಚ್ಚುವಾಗಲೇ ಆಗಿರುತ್ತದೆ.

ಈ ಪೊರೆ ಎಥನಾಲ್‌ನಿಂದ ನೀರನ್ನು ಬೇರ್ಪಡಿಸುತ್ತದೆ. ಸ್ಫಟಿಕದ ರಂಧ್ರ ಸುಮಾರು 0.4 ನ್ಯಾನೋಮೀಟರ್; ನೀರಿನ ಅಣು ನುಸುಳುತ್ತದೆ, ಎಥನಾಲ್ ಹೊರಗೇ ಉಳಿಯುತ್ತದೆ. ಡಿಸ್ಟಿಲರಿಗಳಲ್ಲಿ ಇದೇ ಕೆಲಸಕ್ಕೆ ಬಳಸುವ 3ಎ ಮಣಿಗಳೂ ಇದೇ ಕುಟುಂಬದವು. ಮಣಿ ಒಡೆದಿದ್ದರೂ ನೀರು ಹೀರುತ್ತದೆ. ಪೊರೆಗೆ ಆ ರಿಯಾಯಿತಿ ಇಲ್ಲ: ಎರಡು ಸ್ಫಟಿಕಗಳ ನಡುವೆ ಸಂದು ಉಳಿದರೆ ಎಥನಾಲ್ ಅಲ್ಲಿಂದಲೇ ಹರಿಯುತ್ತದೆ.

ಆಧಾರಕ್ಕೆ ಸುಮಾರು 1 ಮೈಕ್ರಾನ್ ರಂಧ್ರದ ಅಲ್ಯುಮಿನಾ ಕೊಳವೆ. ಹೊರಮೈಯನ್ನು 800 ನಂಬರಿನ ಎಮರಿ ಕಾಗದದಿಂದ ತಿಕ್ಕಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬೀಜ ತೀರಾ ಸಣ್ಣದಾದರೆ ರಂಧ್ರದೊಳಕ್ಕೆ ಇಳಿದು ಅಲ್ಲೇ ಬೆಳೆಯುತ್ತದೆ, ನೀರಿನ ಹರಿವು ಕುಗ್ಗುತ್ತದೆ. ತೀರಾ ದಪ್ಪವಾದರೆ ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಎರಡು ಹಂತ ಒಳ್ಳೆಯದು: ಮೊದಲು 2 ಮೈಕ್ರಾನ್ ಪುಡಿಯನ್ನು ಉಜ್ಜಿ ರಂಧ್ರಗಳ ಬಾಯಿ ತುಂಬಿಸಿ, ಹೆಚ್ಚಾದದ್ದನ್ನು ಒರೆಸಿ, ಆಮೇಲೆ ಇನ್ನೂ ನಯವಾದ ಪುಡಿಯ 0.5% ನೀರುಮಿಶ್ರಣದಲ್ಲಿ ಅದ್ದಿ ನಿಧಾನವಾಗಿ ಮೇಲೆತ್ತಿ. ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿದರೆ ಪದರ ದಪ್ಪವಾಗಿದೆ ಎಂದರ್ಥ. ಅಂಥದ್ದು ಜೆಲ್‌ನೊಳಗೆ ಚಕ್ಕೆಯಾಗಿ ಏಳುತ್ತದೆ. ಕೊಳವೆಯನ್ನು ತೊಳೆದು ಮತ್ತೆ ಹಚ್ಚಿ.

ಜೆಲ್‌ಗೆ 300 ಗ್ರಾಂ ನೀರಿನಲ್ಲಿ 20 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ನಂತರ 41 ಗ್ರಾಂ ಸೋಡಿಯಂ ಅಲ್ಯುಮಿನೇಟ್ ಕರಗಿಸಿ. ಶೇ 30ರ 100 ಗ್ರಾಂ ಕೊಲಾಯ್ಡಲ್ ಸಿಲಿಕಾವನ್ನು (ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಸಿಲಿಕಾ ಕಣ) ಬೇರೆ 165 ಗ್ರಾಂ ನೀರಿಗೆ ಬೆರೆಸಿ, ಜೋರಾಗಿ ಕಲಕುತ್ತಲೇ ಹನಿಹನಿಯಾಗಿ ಸೇರಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಈ ಲೆಕ್ಕ ಶುದ್ಧ ಅಲ್ಯುಮಿನೇಟ್‌ಗೆ. ಮಾರುಕಟ್ಟೆಯ ಪುಡಿಯಲ್ಲಿ ಹೆಚ್ಚುವರಿ ಸೋಡಿಯಂ, ತೇವ ಎರಡೂ ಇರುತ್ತವೆ. ಚೀಲದ ಜೊತೆ ಬಂದ ವಿಶ್ಲೇಷಣಾ ಪತ್ರ ನೋಡಿ ಕ್ಷಾರವನ್ನೂ ನೀರನ್ನೂ ತಗ್ಗಿಸಿ.

ಕೊಳವೆಯ ಎರಡೂ ತುದಿಗೆ ಟೆಫ್ಲಾನ್ ಬಿರಡೆ ಹಾಕಿ, ಜೆಲ್ ತುಂಬಿದ ಆಟೋಕ್ಲೇವ್‌ನಲ್ಲಿ (ಬಿಗಿಯಾಗಿ ಮುಚ್ಚುವ ಒತ್ತಡದ ಪಾತ್ರೆ) ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಜೆಲ್‌ನಲ್ಲಿ ಹುಟ್ಟಿದ ಸ್ಫಟಿಕಗಳು ಮೇಲ್ಮೈ ಮೇಲೆ ಕೂರುತ್ತವೆ. 100 ಡಿಗ್ರಿಯಲ್ಲಿ ಮೂರೂವರೆ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಪೊರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಬೇಡ. ಜಿಯೋಲೈಟ್ ಎ ಅಸ್ಥಿರ ರೂಪ, ಹೆಚ್ಚು ಹೊತ್ತು ಬಿಟ್ಟರೆ ಸೋಡಲೈಟ್ ಎಂಬ ಬೇರೆ ಸ್ಫಟಿಕ ಆಗಲು ತೊಡಗುತ್ತದೆ. ತೊಳೆದ ನೀರಿನ ಪಿಎಚ್ 8ರ ಹತ್ತಿರ ಬಂದ ಮೇಲೆ ನಿಧಾನವಾಗಿ ಒಣಗಿಸಿ. ಸಾವಯವ ಟೆಂಪ್ಲೇಟ್ (ಕೆಲವು ಜಿಯೋಲೈಟ್‌ಗಳಲ್ಲಿ ರಂಧ್ರಕ್ಕೆ ಅಚ್ಚಾಗಿ ಬಳಸುವ ಅಣು) ಇಲ್ಲದ್ದರಿಂದ 500 ಡಿಗ್ರಿಯಲ್ಲಿ ಸುಡಬೇಕಿಲ್ಲ, ಆ ಬಿರುಕಿನ ಭಯವೂ ಇಲ್ಲ.

ಪರೀಕ್ಷೆಗೆ ಕೊಳವೆಯನ್ನು ಎಥನಾಲ್‌ನಲ್ಲಿ ಮುಳುಗಿಸಿ, ಒಳಗಿನಿಂದ ತೀರಾ ಕಡಿಮೆ ಒತ್ತಡದ ನೈಟ್ರೋಜನ್ ಬಿಡಿ. ಗುಳ್ಳೆ ತುದಿಯಲ್ಲೇ ಬಂದರೆ ದೋಷ ಬಿರಡೆಯದ್ದು ಇರಬಹುದು. ಒಂದೇ ಗೆರೆಯಲ್ಲಿ ಬಂದರೆ ಅಲ್ಲಿ ಬೀಜದ ಮಿಶ್ರಣ ಇಳಿದುಹೋಗಿದೆ. ಗುಳ್ಳೆ ಬಾರದ ಕೊಳವೆಯನ್ನು ಮಾತ್ರ 75 ಡಿಗ್ರಿಯ 90% ಎಥನಾಲ್‌ಗೆ ಇಡಿ. ಚದರ ಮೀಟರಿಗೆ ಗಂಟೆಗೆ ಸುಮಾರು 2 ಕಿಲೋ ಹರಿವು, 10,000 ಪ್ರತ್ಯೇಕತಾ ಅಂಶ (ನುಸುಳಿದ್ದರಲ್ಲಿ ನೀರು-ಎಥನಾಲ್ ಅನುಪಾತ ಮೂಲ ಮಿಶ್ರಣದ್ದಕ್ಕಿಂತ ಎಷ್ಟು ಪಟ್ಟು ಎಂಬ ಲೆಕ್ಕ) ಒಳ್ಳೆಯ ಕೊಳವೆಯ ಗುರುತು. ಹುದುಗಿನಿಂದ ಬಂದ ಎಥನಾಲ್ ಆದರೆ ಮೊದಲು ಅದರ ಆಮ್ಲತೆ ನೋಡಿ: ಅಸಿಟಿಕ್ ಆಮ್ಲ ಸ್ಫಟಿಕದ ಚೌಕಟ್ಟಿನ ಅಲ್ಯುಮಿನಿಯಂ ಕಿತ್ತುಹಾಕುತ್ತದೆ, ಹಾಗೆ ಹಾಳಾದ ಪೊರೆಯನ್ನು ತೊಳೆದು ಸರಿಮಾಡಲು ಆಗುವುದಿಲ್ಲ.