ಜಾಗಾ ಬರುವ ಮೊದಲೇ ವಾಹ್ವಾ

ಹಿಂದೂಸ್ತಾನಿ ಸಂಗೀತದ ಬೈಠಕ್‌ನಲ್ಲಿ ಗಾಯಕರು ಒಂದು ಒಳ್ಳೆಯ ಜಾಗಾ, ಅಂದರೆ ಮನಸೆಳೆಯುವ ಸ್ವರಗಳ ತಿರುವು, ತೆಗೆದ ಮೇಲೆ ಕೇಳುಗರಿಂದ ದಾದ್ (ಮೆಚ್ಚುಗೆಯ ‘ವಾಹ್ವಾ’) ಬೀಳುತ್ತದೆ. ಹಳೆಯ ರೆಕಾರ್ಡ್ ಕೇಳುವವರದು ಇದಕ್ಕೆ ಉಲ್ಟಾ. ಇದು ನನಗೆ ಗೊತ್ತಾದದ್ದು ಕಳೆದ ಮಳೆಗಾಲದ ಒಂದು ಭಾನುವಾರ, ಧಾರವಾಡದಲ್ಲಿ ಪರಿಚಯದ ಕಾಕಾ ಒಬ್ಬರ ಪಡಸಾಲೆಯಲ್ಲಿ.

ಅವರ ಗ್ರಾಮೋಫೋನಿಗೆ ಇನ್ನೂ ಕೈಯಿಂದಲೇ ಚಾವಿ ಕೊಡಬೇಕು. ಒಂದು ಮಗ್ಗುಲು ಮುಗಿಯಿತೆಂದರೆ ಸ್ಟೀಲಿನ ಸೂಜಿ ಬಿಚ್ಚಿ ಹೊಸದನ್ನು ಸಿಕ್ಕಿಸುತ್ತಾರೆ. ಸವೆದ ಸೂಜಿ ತಟ್ಟೆಯ ಗೆರೆಗಳನ್ನೇ ಕೆರೆದುಬಿಡುತ್ತದೆ. ಮೂರು, ಮೂರೂವರೆ ನಿಮಿಷದ ಹಾಡಿಗೆ ಇಷ್ಟೆಲ್ಲ ಉಪಚಾರ! ಸೇರಿದವರೆಲ್ಲ ಅದನ್ನು ಪೂಜೆಯ ತಯಾರಿ ನೋಡಿದಂತೆ ನೋಡುತ್ತಿದ್ದರು. ನನಗೆ ಮಾತ್ರ ಒಳಗಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಯ ಮೇಲೆ ಹೆಚ್ಚು ಲಕ್ಷ್ಯ.

ಮೊದಲು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಹಾಡು, ‘ಪಿಯಾ ಬಿನ್ ನಹೀ ಆವತ್ ಚೈನ್’. ಹುಡುಗನಾಗಿದ್ದಾಗ ಇದರ ರೆಕಾರ್ಡ್ ಕೇಳಿಯೇ ಗದಗಿನ ಭೀಮಸೇನ ಜೋಶಿಯವರಿಗೆ ಹಾಡಿನ ಹುಚ್ಚು ಹಿಡಿದದ್ದು, ಗುರುವನ್ನು ಹುಡುಕಿ ಮನೆ ಬಿಟ್ಟದ್ದು, ಕೊನೆಗೆ ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಹತ್ತಿರ ಕುಂದಗೋಳದಲ್ಲಿ ಕಲಿತದ್ದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಖಾನ್‌ಸಾಹೇಬರು 1937ರಲ್ಲೇ ತೀರಿಕೊಂಡರು. ಪಡಸಾಲೆಯಲ್ಲಿದ್ದವರಲ್ಲಿ ಒಬ್ಬರೂ ಅವರನ್ನು ಎದುರಿಗೆ ಕೇಳಿದವರಲ್ಲ. ಆದರೂ ದನಿ ‘ಚೈನ್’ ಕಡೆಗೆ ಹೊರಳುವ ಮೊದಲೇ ಕಾಕಾನ ಕೈ ಮೇಲೆದ್ದಿತ್ತು, ‘ಆಹಾ’ ಬಿದ್ದಾಗಿತ್ತು. ಆಮೇಲೆ ಬಂದದ್ದು ಸ್ವರ. ಅಲ್ಲೇನು ಬರುತ್ತದೆಂದು ಅವರಿಗೆ ಗೊತ್ತು. ಗೊತ್ತಿರುವುದೇ ಅವರ ಸುಖ. ಹೊಸತು ಬಂದರೆ ಮಾತ್ರ ರಸಿಕತೆ ಅರಳುತ್ತದೆ ಎನ್ನುವವರು ಇಂಥಲ್ಲಿ ಒಮ್ಮೆ ಬಂದು ಕೂರಬೇಕು.

ಆಮೇಲೆ ಹಚ್ಚಿದ್ದು 1930ರ ದಶಕದ ಒಂದು ತಟ್ಟೆ. ಅದರ ಲೇಬಲ್ ಮೇಲೆ ಗಾಂಧಾರಿ ಎಂಬ ಹೆಸರು. ತೆಳ್ಳನೆಯ, ಎತ್ತರದ ಹೆಣ್ಣುದನಿ. ‘ಯಾರ ದನಿ ಹೇಳ್ರಿ ನೋಡೋಣ’ ಎಂದರು ಕಾಕಾ. ಹೊಸದಾಗಿ ಬಂದಿದ್ದ ಹುಡುಗನೊಬ್ಬ ಸೋತ. ‘ಗಂಗೂಬಾಯಿ ಹಾನಗಲ್ಲರು’ ಎಂದರೆ ಅವನು ನಂಬಲೇ ಇಲ್ಲ; ಅವನು ಬಲ್ಲ ಗಂಗೂಬಾಯಿಯವರದು ದಪ್ಪ ದನಿ. ‘ಏ ಇಲ್ರಿ ಕಾಕಾ, ನಿಮ್ಮ ಮಷೀನ್ ಜೋರ ಓಡಾಕತ್ತೈತಿ.’ ಕಾಕಾ ಸಿಟ್ಟಾಗಲಿಲ್ಲ. ವೇಗದ ತಿರುಪು ಹಿಡಿದು ನಿಧಾನಕ್ಕೆ ಇಳಿಸಿದರು. ದನಿ ದಪ್ಪಗಾಯಿತೇನೋ ನಿಜ, ಆದರೆ ತಬಲಾ ನೀರು ಕುಡಿದವರ ಹಾಗೆ ಬುಸ್ ಎಂದಿತು, ಲಯ ಕಾಲೆಳೆಯಿತು. ಅದರಲ್ಲೂ ಗಂಗೂಬಾಯಿ ಇರಲಿಲ್ಲ. ತಿರುಪು ಮತ್ತೆ ಮೊದಲಿನ ಜಾಗಕ್ಕೆ ಬಂತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಬದಲಾದ ಕಥೆಯನ್ನು ಆ ಹುಡುಗನಿಗೆ ಮೂರು ಜನ ಒಟ್ಟಿಗೇ ಹೇಳತೊಡಗಿದರು.

ನನಗೂ ಆ ತೆಳು ದನಿಯಲ್ಲಿ ಆಗಲೇ ಖಾನ್‌ಸಾಹೇಬರ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಸ್ವರದ ನಿಲುಗಡೆ ಕಂಡಿತು. ಅದು ಕೇಳಿಸಿತೋ, ಮುಂದೆ ಅವರೇನಾದರೆಂದು ಗೊತ್ತಿದ್ದುದಕ್ಕೆ ಹಾಗೆನಿಸಿತೋ ಎಂದು ಪಕ್ಕದವರೊಂದಿಗೆ ವಾದಕ್ಕಿಳಿದೆ. ಅಷ್ಟರಲ್ಲಿ ಅವಲಕ್ಕಿ ಬಂದದ್ದರಿಂದ ವಾದ ತೀರ್ಮಾನವಾಗಲಿಲ್ಲ.

ಹೊರಡುವ ಮುಂಚೆ ಝಿಂಝೋಟಿಯನ್ನು ಇನ್ನೊಮ್ಮೆ ಹಚ್ಚಿಸಿ ಮೊಬೈಲಿನಲ್ಲಿ ತುಂಬಿಸಿಕೊಂಡೆ. ಇದೇ ಹಾಡು ಕರಕರ ಸದ್ದೆಲ್ಲ ತೆಗೆದು ಸ್ವಚ್ಛವಾಗಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಕೇಳುವಾಗ ಈಗ ‘ಚೈನ್’ ಹತ್ತಿರ ಬಂದಂತೆ ನಾನೇ ಗಟ್ಟಿಯಾಗಿ ‘ಆಹಾ’ ಎಂದುಬಿಡುತ್ತೇನೆ. ಮನೆಯವರು ಯಾಕೆಂದು ಕೇಳುವುದನ್ನೂ ಬಿಟ್ಟಿದ್ದಾರೆ.